ಬೆನ್ನು ಹತ್ತಿದ ನೆರಳು

ಭೂಮಿ ಹುಟ್ಟಿ ಇನ್ನೂ ಹೊಕ್ಕುಳು ಒಣಗಿರದ ಕಾಲ. ಆಗ ಯಾರಿಗೂ ನೆರಳು ಇರಲಿಲ್ಲ. ಮರಕ್ಕಿಲ್ಲ, ಮೇಕೆಗಿಲ್ಲ, ಮನುಷ್ಯರಿಗೂ ಇಲ್ಲ. ಇಡೀ ಲೋಕದಲ್ಲಿ ಇದ್ದದ್ದು ಒಂದೇ ಒಂದು ನೆರಳು. ಅದಕ್ಕೆ ಮನೆ ಇರಲಿಲ್ಲ.

ಕೂರಲು ಜಾಗ ಹುಡುಕುತ್ತ ಅದು ಅಲೆಯುತ್ತಿತ್ತು. ಜೋಳದ ದಂಟು ಹತ್ತಿತು, ಜಾರಿತು. ತಾಳೆಮರ ಹತ್ತಿತು, ಜಾರಿತು. ನೆಟ್ಟಗೆ ನಿಂತದ್ದರ ಮೇಲೆ ಅದಕ್ಕೆ ಕೂರಲು ಆಗುತ್ತಿರಲಿಲ್ಲ, ಪಾಪ. ನಾನೇನೋ ಪಾಪ ಅಂದೆ, ಮುಂದೆ ಕೇಳಿದರೆ ನೀನು ಅನ್ನುವುದಿಲ್ಲ.

ಹೊಳೆಯ ದಂಡೆಯಲ್ಲಿ ಬಾಳವ್ವ ಎಂಬ ಹುಡುಗಿ ದಿನವಿಡೀ ಕೂತು ಹರಳಿನ ಆಟ ಆಡುತ್ತಿದ್ದಳು. ಗದ್ದ ಎದೆಗೆ, ಎದೆ ಮೊಣಕಾಲಿಗೆ. ಅವಳ ಬೆನ್ನು ಬೋರಲು ಹಾಕಿದ ಬುಟ್ಟಿಯ ಹಾಗೆ ಕಾಣುತ್ತಿತ್ತು. ಅವಳು ಹಾಗೇ ಬಗ್ಗಿಕೊಂಡು ಮನೆಗೆ ಹೊರಟಾಗ ಹಿಂದಿನಿಂದ ಒಂದು ದನಿ ಬಂತು.

"ನಿನ್ನ ಬೆನ್ನು ಹತ್ತಲೇನವ್ವಾ?"

ಹಿಂದೆ ಬರುತ್ತೇನೆ ಅನ್ನುವುದಕ್ಕೂ ನಮ್ಮ ಕಡೆ ಹೀಗೇ ಅನ್ನುತ್ತಾರಲ್ಲ. ಯಾರೋ ಜೊತೆಗೆ ಬರುವವರಿರಬೇಕು ಅಂದುಕೊಂಡ ಬಾಳವ್ವ ತಲೆ ಕೂಡ ಎತ್ತದೆ, "ಹತ್ತು, ಯಾರು ಬ್ಯಾಡ ಅಂದ್ರು?" ಅಂದಳು.

ಅದು ಹತ್ತಿತು. ತಣ್ಣಗೆ, ಭಾರವಾಗಿ, ಬೆನ್ನ ಮೇಲೆ ಹತ್ತಿ ಕೂತಿತು.

"ನೆಲ ನೋಡು," ಎಂದು ಕಿವಿಯಲ್ಲಿ ಪಿಸುಗುಟ್ಟಿತು. "ಮ್ಯಾಲ ಏನೂ ಇಲ್ಲ."

ಬಾಳವ್ವ ನೆಲ ನೋಡಿದಳು. ಮರುದಿನ ಅವಳ ಉಸಿರು ಅರ್ಧ ದಾರಿಗೇ ಹೋಗಿ ತಿರುಗತೊಡಗಿತು. ಉಂಡದ್ದು ಎದೆಯಲ್ಲೇ ಕೂತಿತು. ಅದರ ಮರುದಿನ ನಗುವೂ ಇಲ್ಲ, ಸಿಟ್ಟೂ ಇಲ್ಲ. ಮೂರನೆಯ ದಿನ ಅವ್ವ, "ನನ್ನ ಗುರುತು ಐತೇನ ಮಗಳ?" ಎಂದು ಕೇಳಿದರೆ, ಬಾಳವ್ವ ಅವಳ ಪಾದ ನೋಡಿ, "ಯಾರ ಕಾಲಿವು?" ಅಂದಳು. ಆ ದನಿ ಮಗಳದಾಗಿರಲಿಲ್ಲ.

ಮಗಳ ಬೆನ್ನ ಮೇಲೆ ಕಪ್ಪಗೆ ಕೂತದ್ದನ್ನು ಕಂಡ ಅವ್ವ ಗಾಳಿಯ ಹತ್ತಿರ ಓಡಿದಳು. "ಊದಿ ಕೆಡವೋ ಯಪ್ಪಾ!" ಗಾಳಿ ಊದಿತು. ಬಾಳವ್ವ ಚಳಿಗೆ ಇನ್ನಷ್ಟು ಮುದುಡಿದಳು, ನೆರಳು ಇನ್ನಷ್ಟು ಹಾಯಾಗಿ ಕೂತಿತು.

ಅವ್ವ ಮಗಳನ್ನು ಕರೆದುಕೊಂಡು ಹೊಳೆಯ ಹತ್ತಿರ ಓಡಿದಳು. ಹೊಳೆ ಹೇಳಿತು: "ಅದನ್ನ ಬ್ಯಾರೆ ಯಾರಿಗೂ ಇಳಿಸಾಕ ಆಗೂದಿಲ್ಲವ್ವಾ. ಹತ್ತು ಅಂದಾಕೀನ ತಾನಾಗಿ ಇಳಿಸಬೇಕು. ತುಂಬಿದ ಕೊಡ ಅಕಿ ತಲಿ ಮ್ಯಾಲ ಇಡು. ಹನಿ ಚೆಲ್ಲಲಾರದಂಗ ಮನಿಗೆ ನಡೀಲಿ."

ಸೂರ್ಯ ನೆತ್ತಿಗೆ ಬಂದಿದ್ದ. ಅವ್ವ ಸೀರೆಯ ತುಂಡಿನಿಂದ ಸಿಂಬೆ ಸುತ್ತಿ, ಮಗಳ ತಲೆಯ ಮೇಲೆ ಕೊಡ ಇಟ್ಟು, ಅವಳತ್ತ ಮುಖ ಮಾಡಿ ಮುಂದೆ ಹಿಂದಿಂದಕ್ಕೆ ನಡೆದಳು.

"ಚೆಲ್ಲು," ಅಂದಿತು ನೆರಳು. ಬಾಳವ್ವನ ಕುತ್ತಿಗೆ ನಡುಗಿತು. "ಚೆಲ್ಲಿಬಿಡು. ನೆಲ ನೋಡು."

ಕೊಡ ವಾಲಿತು. ಬೀಳದಿರಲಿ ಎಂದು ಬಾಳವ್ವ ಗದ್ದ ಎತ್ತಿದಳು. ಬೆನ್ನು ನೆಟ್ಟಗಾಯಿತು, ಎದೆ ತೆರೆಯಿತು, ಪೂರ್ತಿ ಒಂದು ಉಸಿರು ಒಳಗೆ ಹೋಯಿತು. ಎದುರಿಗೆ ಒಂದು ಮುಖ ಕಂಡಿತು.

"ಯವ್ವಾ," ಅಂದಳು, "ಯಾಕ ಅಳಾಕತ್ತಿ?"

ಬೆನ್ನ ಮೇಲಿದ್ದದ್ದು ಜಾರಿತು. ನೆಲಕ್ಕೆ ಬಿದ್ದು ಲೆಕ್ಕವಿಲ್ಲದಷ್ಟು ಚೂರಾಯಿತು. ಒಂದೊಂದು ಚೂರೂ ಸಿಕ್ಕಿದ್ದನ್ನು ಹಿಡಿದುಕೊಂಡಿತು. ಒಂದು ಮರದ ಬುಡ, ಒಂದು ಮೇಕೆಯ ಗೊರಸು, ಒಂದು ಬಾಳವ್ವನ ಹಿಮ್ಮಡಿ.

ಅದಕ್ಕೇ ಮಗಾ, ನಡುಹಗಲಲ್ಲಿ ನೆಟ್ಟಗೆ ನಿಂತರೆ ನಿನ್ನ ನೆರಳು ಪಾದದಡಿ ಅಡಗುತ್ತದೆ, ಸಂಜೆ ಉದ್ದಕ್ಕೆ ಮಲಗಿ ಹಿಮ್ಮಡಿ ಹಿಡಿದುಕೊಂಡೇ ಬರುತ್ತದೆ. ಈಗ ಒಮ್ಮೆ ಬೆನ್ನು ಬಗ್ಗಿಸಿ ನೋಡು, ಅದರ ತಲೆ ಮೆಲ್ಲಗೆ ನಿನ್ನ ಹತ್ತಿರಕ್ಕೆ ಸರಿಯುತ್ತದೆ.