ಸೂರ್ಯನ ಮೈಮೇಲೆ ಕಪ್ಪು ಗಂಟುಗಳು ಬಿದ್ದದ್ದು

ಭೂಮಿ ಇನ್ನೂ ಬಿಸಿ ಮುದ್ದೆಯಾಗಿದ್ದಾಗ, ಚಂದ್ರನಿಗೆ ಹೆಸರೇ ಇಲ್ಲದಿದ್ದಾಗ, ಸೂರ್ಯಪ್ಪನಿಗೆ ಇಬ್ಬರು ಹೆಣ್ಣುಮಕ್ಕಳಿದ್ದರು. ಹಿರಿಯಳು ನೆತ್ತೆವ್ವ, ಅಪ್ಪನ ನೆತ್ತಿಯ ಮೇಲೆ ಅವಳ ವಾಸ. ಕಿರಿಯಳು ನಡುವವ್ವ, ಅಪ್ಪನ ಸೊಂಟದ ಸುತ್ತ ಅವಳ ವಾಸ.

ಸೂರ್ಯಪ್ಪ ಗಿರಗಿರನೆ ತಿರುಗುತ್ತಿದ್ದ. ಮಕ್ಕಳೂ ಜೊತೆಗೆ ತಿರುಗಬೇಕು. "ಒಬ್ಬರ ಕೈ ಒಬ್ಬರು ಬಿಡಬ್ಯಾಡ್ರಿ," ಎಂದು ಹೇಳಿ, ಇಬ್ಬರ ಸೆರಗಿಗೂ ಒಂದೇ ಉದ್ದನೆಯ ಬೆಂಕಿದಾರ ಕಟ್ಟಿ ತನ್ನ ಒಡಲೊಳಗೆ ಹೋಗಿ ಕುಳಿತ. ಅಪ್ಪಂದಿರಿಗೆ ಅಷ್ಟಕ್ಕೇ ಕೆಲಸ ಮುಗಿಯಿತು ಅನ್ನಿಸಿಬಿಡುತ್ತದೆ.

ನೆತ್ತೆವ್ವನದು ಪುಟ್ಟ ಸುತ್ತು. ನಡುವವ್ವನದು ಭಾರಿ ಸುತ್ತು. ಆದರೂ ಇಬ್ಬರೂ ಒಟ್ಟಿಗೇ ತಿರುಗಿದರು, ಒಟ್ಟಿಗೇ ನಕ್ಕರು.

ಒಂದು ದಿನ ಗಾಳಿ ಬಂತು. "ಏ ನಡುವವ್ವಾ, ಇಷ್ಟು ದೊಡ್ಡ ಹಾದಿ ಓಡಾಕಿ ನೀ. ನಿಂತಲ್ಲೇ ತಿರಗಾಕಿ ಆಕಿ. ಆಕಿ ಸಲುವಾಗಿ ನೀ ಯಾಕ ನಿಧಾನ ಆಗ್ತಿ?"

ಮಾತು ಮನಸ್ಸಿಗೆ ಇಳಿಯಿತು. ನಡುವವ್ವ ಅಕ್ಕನ ಕೈ ಬಿಟ್ಟು ಮುಂದೆ ಓಡಿದಳು.

"ನಿಂದ್ರ ತಂಗಿ! ನನ್ನೂ ಕರ್ಕೊಂಡು ಹೋಗ!"

"ನೀನ ಜೋರ ಬಾ," ಎಂದಳು ನಡುವವ್ವ, ತಿರುಗಿಯೂ ನೋಡದೆ.

ಕೈ ಬಿಟ್ಟಳು ನಿಜ, ದಾರ ಬಿಚ್ಚಲಿಲ್ಲ. ಅವಳು ಓಡಿದಂತೆಲ್ಲ ದಾರ ಅಪ್ಪನ ಮೈಗೆ ಸುತ್ತಿಕೊಂಡಿತು, ಹುರಿಗೊಂಡಿತು, ಗಂಟುಬಿತ್ತು. ಗಂಟು ಬಿದ್ದಲ್ಲಿ ಬೆಳಕು ಮೇಲೆ ಬರಲಾರದೆ ಕಪ್ಪಾಯಿತು.

"ಅಪ್ಪಾ, ಆಕಿಗೆ ಒಂದ ಮಾತ ಹೇಳ," ಎಂದು ನೆತ್ತೆವ್ವ ಕೂಗಿದಳು.

"ಒಳಗ ನಾ ಒಂದ ಸಮ ತಿರಗಾಕತ್ತೀನಿ. ಹೊರಗಿಂದು ನೀವ ನೋಡ್ಕೋರಿ," ಎಂದ ಅಪ್ಪ. ಎದ್ದು ಬರಲಿಲ್ಲ.

ಆಗ ನೆತ್ತೆವ್ವ, ಸುತ್ತಲಿನ ಬೆಂಕಿಗಿಂತ ತುಸು ಬೇಗ ಓಡುವ ಒಂದು ಬೆಂಕಿಹೊಳೆಯನ್ನು ಕರೆದಳು. "ಗಂಟ ಬಿಡಿಸ್ಕೋಂತ ಹೋಗಿ, ತಂಗಿಗೆ ನಿಂದ್ರಾಕ ಹೇಳ," ಎಂದಳು. ಹೊಳೆ ಇಳಿದು ಇಳಿದು ನಡು ಮುಟ್ಟಲು ಹತ್ತು ಹನ್ನೊಂದು ವರ್ಷವೇ ಹಿಡಿಯಿತು. ಅದರ ಹಾದಿಯಲ್ಲಿ ಹಳೆಯ ಗಂಟು ಬಿಚ್ಚಿದವು, ಪಕ್ಕದಲ್ಲೇ ಹೊಸವು ಬಿದ್ದವು.

"ನಿಮ್ಮಕ್ಕ ಕಳಿಸ್ಯಾಳ," ಎಂದಿತು ಹೊಳೆ, ಏದುಸಿರು ಬಿಡುತ್ತ. "ಒಂದ ಗಳಿಗಿ ನಿಂದ್ರಬೇಕಂತ."

"ನನಗ ಹೊತ್ತಿಲ್ಲ," ಎಂದಳು ನಡುವವ್ವ.

ಹೊಳೆ ಅಲ್ಲೇ ಇಂಗಿಹೋಯಿತು. ನೆತ್ತೆವ್ವ ಇನ್ನೊಂದನ್ನು ಕಳಿಸಿದಳು. ಅದೂ ಇಂಗಿತು. ಮತ್ತೊಂದನ್ನು ಕಳಿಸಿದಳು. ನನಗಂತೂ ಆ ತಂಗಿಯ ಮೇಲೆ ಸಿಟ್ಟು, ಇನ್ನೂ ಕಳಿಸುತ್ತಲೇ ಇರುವ ಅಕ್ಕನ ಮೇಲೆ ಅದಕ್ಕಿಂತ ಸಿಟ್ಟು.

ಕಿಟಕಿಯ ತೂತಿನಿಂದ ಗೋಡೆಗೆ ಬೀಳುವ ಸೂರ್ಯನ ಬಿಂಬದಲ್ಲಿ ಕಪ್ಪು ಚುಕ್ಕೆಗಳು ಮೊದಲು ಅವನ ನಡುವಿನಿಂದ ದೂರ ಮೂಡಿ, ವರ್ಷ ಕಳೆದಂತೆ ನಡುವಿನ ಹತ್ತಿರ ಹತ್ತಿರ ಮೂಡುವುದು ಅದಕ್ಕೇ ಮಗೂ, ಅಕ್ಕ ಇನ್ನೂ ಕರೆಯುತ್ತಿದ್ದಾಳೆ, ತಂಗಿ ಇನ್ನೂ ನಿಂತಿಲ್ಲ.