ಹೊರಮನೆಯ ರಾಜಕುಮಾರಿ

"ಕೇಳಿರಪ್ಪೋ ಕೇಳಿ! ರಾಜಕುಮಾರಿ ಚಂಪಕಾವತಿಯ ಮೂರು ಒಗಟು ಬಿಡಿಸಿದವನಿಗೆ ಅವಳ ಕೈ, ಅರ್ಧ ರಾಜ್ಯ. ತಪ್ಪಿದವನಿಗೆ ತಲೆದಂಡ!"

ಡಂಗುರ ಕೇಳಿ ಬುಟ್ಟಿ ಹೆಣೆಯುವ ಕೊಟ್ರನ ಕೈ ನಿಂತಿತು. ಮದುವೆ ತಪ್ಪಿಸಲು ಮಗಳು ಹೊಟ್ಟೆನೋವಿನ ನಾಟಕ ಆಡುತ್ತಾಳೆಂದು ಅರಸನೇ ಹೇಳಿಕೊಂಡು ತಿರುಗಿದ್ದ. ಪಾಪ, ಅವನಿಗಾದರೂ ಹೇಗೆ ತಿಳಿಯಬೇಕು? ಮುಟ್ಟಾದ ಹೆಣ್ಣು ಹೊರಮನೆಯಲ್ಲಿರಬೇಕು, ಗಂಡಸರು ಮುಖ ನೋಡಬಾರದು ಎಂಬುದು ಆ ನಾಡಿನ ಕಟ್ಟಳೆ. ಮಗಳು ನರಳುವ ದಿನಗಳಲ್ಲೇ ಅವನು ಅತ್ತ ಸುಳಿಯುತ್ತಿರಲಿಲ್ಲ. ಮಿಂದು, ನಗುತ್ತ ಬಂದ ಮಗಳನ್ನಷ್ಟೇ ಅವನು ಬಲ್ಲ.

ರಾಜಕುಮಾರಿಯ ಹಟದಂತೆ ಹೊರಮನೆಯ ಜಗಲಿಯಲ್ಲೇ ಸಭೆ ಸೇರಿತು. ಪರದೆಯ ಹಿಂದಿನಿಂದ ಬಳಲಿದ ದನಿ ಕೇಳಿತು.

"ಮನೆಯೊಳಗೆ ಬೆಳೆಯಬೇಕಾದದ್ದು ಹೊಸಿಲಾಚೆ ಬೇರೂರಿದೆ. ತಿಂಗಳಿಗೊಮ್ಮೆ ಮನೆ ಅತ್ತಾಗ ಅದೂ ಅಳುತ್ತದೆ. ಮನೆಯ ಕಣ್ಣೀರಿಗೆ ದಾರಿಯಿದೆ, ಅದರ ಕಣ್ಣೀರಿಗಿಲ್ಲ. ಏನದು?"

ಒಬ್ಬ ರಾಜಕುಮಾರ ಮೀಸೆ ತಿರುವಿ "ಗೋಡೆ ಬಿರುಕಿನ ಅರಳಿ ಗಿಡ" ಎಂದ. ಇನ್ನೊಬ್ಬ "ಸೋರುವ ಮಾಳಿಗೆ" ಎಂದ. ಇಬ್ಬರನ್ನೂ ಭಟರು ಸೆರೆಗೆ ಎಳೆದೊಯ್ದರು. ಮೂರನೆಯವನು ಹೊಟ್ಟೆನೋವೆಂದು ನೆಪ ಹೇಳಿ ಜಾಗ ಖಾಲಿ ಮಾಡಿದ. ಅವನ ಹೊಟ್ಟೆನೋವನ್ನು ಮಾತ್ರ ಎಲ್ಲರೂ ನಂಬಿದರು.

ಜನರ ನಡುವೆ ಕುಳಿತಿದ್ದ ಕೊಟ್ರ ಎದ್ದ. "ಅದು ಗರ್ಭದ ಒಳಪೊರೆಯಂಥದ್ದು, ತಾಯಿ. ಗರ್ಭದಾಚೆ ಬೆಳೆದು ಕರುಳಿಗೆ ಅಂಟಿಕೊಳ್ಳುತ್ತೆ. ಮುಟ್ಟಿನಲ್ಲಿ ಅದೂ ನೆತ್ತರು ಸುರಿಸುತ್ತೆ, ಹೊರಗೆ ಹೋಗೋಕೆ ದಾರಿ ಇರಲ್ಲ. ನಮ್ಮಕ್ಕ ಗಂಗಿಗೂ ಇದೇ ಅಂತ ಸೂಲಗಿತ್ತಿ ನಿಂಗಜ್ಜಿ ಹೇಳಿದ್ಳು."

ಗಂಡಸರ ನಡುವೆ ಇಂಥ ಮಾತೇ ಎಂದು ಸಭೆ ತಲೆ ತಗ್ಗಿಸಿತು.

"ಎಲ್ಲ ಹೆಂಗಸರಿಗೂ ಇದ್ದದ್ದೇ ಅಂತಾರೆ, ಆದರೆ ಎಲ್ಲರಿಗೂ ಇಲ್ಲ. ಏನದು?" ಎಂದು ರಾಜಕುಮಾರಿ ಎರಡನೆಯ ಒಗಟು ಹಾಕಿದಳು.

"ಆ ನೋವು. ಅಕ್ಕ ನೆಲ ಪರಚಿಕೊಂಡು ಹೊರಳಾಡ್ತಿದ್ಳು. ಮುಟ್ಟಿನ ನೋವು ತಾನೇ ಅಂದ್ರು. ಮಕ್ಕಳಾಗಲಿಲ್ಲ ಅಂತ ಗಂಡನ ಮನೆಯವರು ತವರಿಗೆ ಅಟ್ಟಿದ್ರು. ಕೊರಗಿ ಕೊರಗಿ ಹೋಗಿಬಿಟ್ಳು."

ಪರದೆಯಾಚೆಯಿಂದ ಮೂರನೆಯ ಒಗಟು ಬಂತು.

"ಅದಕ್ಕಿಂತ ಹೆಚ್ಚು ನೋಯಿಸೋದು ಯಾವುದು?"

"ಹೇಳಿದ್ರೂ ಯಾರೂ ನಂಬದೇ ಇರೋದು, ತಾಯಿ."

ಅರಸ ಕಟ್ಟಳೆ ಮರೆತು ಪರದೆ ಸರಿಸಿದ. ಮಗಳು ಚಾಪೆಯ ಮೇಲೆ ಮುದುಡಿ, ತುಟಿ ಕಚ್ಚಿಕೊಂಡು, ಬೆವರಲ್ಲಿ ತೊಯ್ದಿದ್ದಳು.

"ಮಗಳೇ, ಇಷ್ಟೊಂದು ನೋವು ಅಂತ ನನಗೆ..."

"ಹೇಳ್ತಾನೇ ಇದ್ದೆ ಅಪ್ಪಾಜಿ. ಗಂಡಸೊಬ್ಬ ಹೇಳಿದಾಗ ನಂಬಿದಿರಿ."

ಅರಸ ಸೆರೆಯಲ್ಲಿದ್ದವರನ್ನು ಬಿಡಿಸಿದ, ನಿಂಗಜ್ಜಿಯನ್ನು ಕರೆಸಿದ, ಅರ್ಧ ರಾಜ್ಯವನ್ನು ಕೊಟ್ರನಿಗೆ ಬಿಟ್ಟುಕೊಟ್ಟ. ಮದುವೆಯ ಮಾತು ಮಾತ್ರ ಮಗಳಿಗೆ ಬಿಟ್ಟ.

"ನೋವು ಪೂರ್ತಿ ಹೋಗದೇ ಇರಬಹುದು. ಮಕ್ಕಳೂ ಆಗದೇ ಇರಬಹುದು," ಎಂದಳು ಚಂಪಕಾವತಿ. "ಆದರೂ ಒಪ್ಪಿಗೆಯಾ?"

"ನೋವಿನ ದಿನ ಪಕ್ಕದಲ್ಲಿ ಕೂರೋಕೆ ಬಿಟ್ರೆ ಸಾಕು," ಎಂದ ಕೊಟ್ರ. "ಅಕ್ಕ ಸಾಯೋವಾಗಲೂ ನನ್ನನ್ನ ಹೊರಮನೆಯೊಳಗೆ ಬಿಡಲಿಲ್ಲ."

ಅವಳು ಚಾಪೆಯ ಮೇಲೆ ಕೊಂಚ ಸರಿದು ಅವನಿಗೆ ಜಾಗ ಮಾಡಿದಳು.