ಅಳಿಲಮರಿಗಾಗಿ ಇಳಿದ ನೆಟ್

ನಂಬುವುದಿಲ್ಲ ಅನ್ನುವವರು ಈಗಲೇ ಎದ್ದು ಹೋಗಬಹುದು. ಪಟ್ಟಣದ ಟೆನಿಸ್ ಅಂಗಳದಲ್ಲಿ ಮರಿಗಳಿಗೆ ಆಟ ಕಲಿಸುವ ಟಗರು ನಾನೇ. ಕುರಿಹಟ್ಟಿಯಲ್ಲಿ ಹುಟ್ಟಿ ಬೆಳೆದವನು. ನನ್ನಂಥ ಹೊಡೆತ ಪಟ್ಟಣದಲ್ಲಿ ಹುಟ್ಟಿದ ಯಾರಿಗೂ ಬರುವುದಿಲ್ಲ.

ಅಳಿಲಮರಿ ಚುಂಚಿ ಎಷ್ಟು ಹೊಡೆದರೂ ಚೆಂಡು ನೆಟ್ಟಿಗೇ ಬಡಿದು ಬೀಳುತ್ತಿತ್ತು.

"ಇವತ್ತೂ ದಾಟದಿದ್ದರೆ ಆಟ ಬಿಡಿಸಿಬಿಡ್ತೀನಿ ಟಗರಣ್ಣ. ಮನೆಗೆ ಬಂದು ಬಿಕ್ಕಿ ಬಿಕ್ಕಿ ಅಳ್ತಾಳೆ," ಎಂದಳು ಅವಳವ್ವ. ಚುಂಚಿ ರಾಕೆಟ್ಟನ್ನು ಬಾಲದೊಳಗೆ ಬಚ್ಚಿಟ್ಟುಕೊಂಡಳು.

ನಾನು ನೆಟ್ಟಿಗೆ, "ಸ್ವಲ್ಪ ಕೆಳಗಿಳಿ," ಎಂದೆ.

"ಇಳಿದರೆ ಅದು ಟೆನಿಸ್ಸೇ ಅಲ್ಲ," ಎಂದಿತು ನೆಟ್. "ಚಾಂಪಿಯನ್ನರೂ ದಾಟಿದ್ದು ಈ ಎತ್ತರವನ್ನೇ."

"ಅವರೇನು ಹಾಲು ಕುಡಿಯುವ ವಯಸ್ಸಿನಲ್ಲೇ ದಾಟಿದ್ದರಾ? ನಮ್ಮ ಹಟ್ಟಿಯಲ್ಲಿ ಮರಿಗಳಿಗೆ ಸೊಪ್ಪನ್ನು ಬಾಯಿಗೆ ನಿಲುಕುವಷ್ಟು ಕೆಳಗೆ ತೂಗುಹಾಕುತ್ತಾರೆ. ಮರಿ ಬೆಳೆದ ಹಾಗೆ ಹಗ್ಗ ಮೇಲೆ ಹೋಗುತ್ತದೆ. ಕೆಳಗೆ ಕಟ್ಟಿದ ಮಾತ್ರಕ್ಕೆ ಸೊಪ್ಪು ಸೊಪ್ಪಲ್ಲದೆ ಹೋಗುತ್ತದೇನಯ್ಯ? ಹಾಗೆ ತಿಂದು ಬೆಳೆದವನನ್ನು ನೋಡು," ಎಂದು ಕೊಂಬು ತೋರಿಸಿದೆ.

ನೆಟ್ ನನ್ನ ಕೊಂಬನ್ನು ನೋಡಿತು. ಆಮೇಲೆ ಚುಂಚಿಯ ಪುಟ್ಟ ಕಾಲುಗಳನ್ನು ನೋಡಿತು. "ಹಗ್ಗ ಸಡಿಲಿಸು," ಎಂದಿತು. "ಅವಳು ಬೆಳೆದ ಹಾಗೆ ಬಿಗಿಯುವುದನ್ನು ಮರೆಯಬೇಡ."

ನಾನು ಹಗ್ಗ ಸಡಿಲಿಸಿ, ಮೆತ್ತನೆಯ ಚೆಂಡೊಂದನ್ನು ನಿಧಾನವಾಗಿ ಎಸೆದೆ. ಚುಂಚಿ ಹೊಡೆದಳು. ಚೆಂಡು ನೆಟ್ಟಿನ ನೆತ್ತಿ ಸವರಿಕೊಂಡು ಆಚೆ ಬಿತ್ತು. ರಾಕೆಟ್ ಕಿತ್ತುಕೊಳ್ಳಲು ಚಾಚಿದ್ದ ಕೈಯನ್ನು ಅವಳವ್ವ ಮೆಲ್ಲಗೆ ಹಿಂದಕ್ಕೆಳೆದುಕೊಂಡಳು.

ಚುಂಚಿ ಓಡಿ ಬಂದು, ಕೆನ್ನೆಯೊಳಗೆ ಇಟ್ಟುಕೊಂಡಿದ್ದನ್ನು ತೆಗೆದು ನನ್ನ ಗೊರಸಿನ ಮುಂದಿಟ್ಟಳು. ಅದು ಅರ್ಧ ಕಡಿದ ಒಂದು ಕಡಲೆಬೀಜ.